ಕಿವಿಗೆ ಬಿದ್ದ ಕಥೆಯ ಭಾರ: ಎಚ್‌ಐವಿ ಕಳಂಕವನ್ನು ಅಳೆಯಲು ಹೊರಟ ಒಂದು ಪ್ರಕರಣ

ದಕ್ಷಿಣ ಭಾರತದಲ್ಲಿ ಎಚ್‌ಐವಿ ಜೊತೆ ಬದುಕುತ್ತಿದ್ದ 16 ಮಂದಿಯನ್ನು ಸಂಶೋಧಕರ ತಂಡವೊಂದು ಕೂರಿಸಿಕೊಂಡು ಮಾತಾಡಿಸಿತು. ಸೋಂಕು ಇದೆ ಎಂಬ ಕಾರಣಕ್ಕೆ ಬದುಕಿನಲ್ಲಿ ಏನೇನು ಎದುರಾಯಿತು ಎಂಬುದೇ ಮಾತಿನ ತಿರುಳು. ಬೈಸಿಕೊಂಡದ್ದು, ಹೊರಗಿಟ್ಟದ್ದು, ಆಸ್ಪತ್ರೆಯಲ್ಲಿ ಬೇರೆ ಕಡೆ ಹೋಗಿ ಎಂದದ್ದು, ಇಂಥ ಪ್ರಸಂಗಗಳ ಪಟ್ಟಿ ಉದ್ದವಾಗಿರುತ್ತದೆ ಎಂದು ಯಾರಾದರೂ ಅಂದುಕೊಳ್ಳುವುದು ಸಹಜ. ಪಟ್ಟಿ ಅಷ್ಟು ಉದ್ದವಾಗಲಿಲ್ಲ. ತಮ್ಮ ಮೇಲೆಯೇ ನೇರವಾಗಿ ನಡೆದ ತಾರತಮ್ಯದ ಪ್ರಸಂಗಗಳು ಕಡಿಮೆಯೇ ಇದ್ದವು. ಆದರೆ ವಿಷಯ ಹೊರಗೆ ಬಿದ್ದರೆ ಜನ ಹೇಗೆ ನಡೆದುಕೊಳ್ಳುತ್ತಾರೆ ಎಂಬ ಭಯ ಮಾತ್ರ ದಟ್ಟವಾಗಿತ್ತು. ಆ ಭಯದಿಂದಲೇ ಸೋಂಕಿನ ವಿಷಯವನ್ನು ಮುಚ್ಚಿಟ್ಟಿದ್ದರು.

ಆದದ್ದು ಕಡಿಮೆ, ಹೆದರಿಕೆ ಬಹಳ. ಈ ಎರಡೂ ಒಂದೇ ಮನುಷ್ಯನ ಬಾಯಿಂದ ಬಂದಾಗ ಕಳಂಕ ಎಷ್ಟಿದೆ ಎಂದು ಬರೆದುಕೊಳ್ಳಬೇಕು? ಮೊದಲನೆಯದನ್ನು ಮಾತ್ರ ಎಣಿಸಿದವರು, ಈ ಊರಿನಲ್ಲಿ ಪರವಾಗಿಲ್ಲ, ಕಳಂಕ ಇಳಿದಿದೆ ಎಂದು ವರದಿ ಬರೆದು ಎದ್ದುಹೋಗಬಹುದು. ಅಂಥ ವರದಿಯಲ್ಲಿ ಒಂದು ಅಂಕಿಯೂ ಸುಳ್ಳಾಗಿರುವುದಿಲ್ಲ. ಆದರೂ ಅದು ನಂಬತಕ್ಕದ್ದಲ್ಲ.

ಆ 16 ಮಂದಿಯ ಮಾತಿನಿಂದ ಶುರುವಾಗಿ ಈ ಗಂಟನ್ನು ಬಿಡಿಸಲು ಹೋದ ಕೆಲಸವೇ ಇಲ್ಲಿನ ಪ್ರಕರಣ. 2008ರಲ್ಲಿ ‘ಸೋಶಿಯಲ್ ಸೈನ್ಸ್ ಅಂಡ್ ಮೆಡಿಸಿನ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಮೊದಲ ಹೆಸರು ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವೇಯ್ನ್ ಸ್ಟೀವರ್ಡ್ ಅವರದು. ಜೊತೆಗೆ ಕಳಂಕದ ಮನಶ್ಶಾಸ್ತ್ರದಲ್ಲಿ ಹೆಸರಾದ ಗ್ರೆಗರಿ ಹೆರೆಕ್, ಬೆಂಗಳೂರಿನ ನಿಮ್ಹಾನ್ಸ್‌ನ ಜಯಶ್ರೀ ರಾಮಕೃಷ್ಣ, ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಶಾಲಿನಿ ಭರತ್, ಮರಿಯಾ ಎಕ್‌ಸ್ಟ್ರಾಂಡ್ ಮುಂತಾದವರು. ಕಳಂಕವನ್ನು ಬಗೆಬಗೆಯಾಗಿ ವಿಂಗಡಿಸುವ, ಬೇರೆಲ್ಲೋ ಹುಟ್ಟಿದ ಚೌಕಟ್ಟು ನಮ್ಮ ನೆಲದಲ್ಲಿ ಹೊಂದುತ್ತದೆಯೇ, ಹೊಂದದಿದ್ದರೆ ಎಲ್ಲಿ ಬಿಚ್ಚಿ ಹೊಲಿಯಬೇಕು ಎಂಬುದು ಅವರ ಪ್ರಶ್ನೆ.

ಅದಕ್ಕೆ ಮುಂಚೆ ಅಳತೆ ಹೇಗಿತ್ತು

ವೈರಸ್ಸಿನ ಲೆಕ್ಕವೇ ಆ ದಿನಗಳಲ್ಲಿ ಅಲುಗಾಡುತ್ತಿತ್ತು ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ದೇಶದಲ್ಲಿ 50 ಲಕ್ಷಕ್ಕೂ ಹೆಚ್ಚು ಸೋಂಕಿತರಿದ್ದಾರೆ ಎಂಬ ಅಂದಾಜು ಎಲ್ಲ ಕಡೆ ಓಡಾಡುತ್ತಿತ್ತು. 2005-06ರ ಮೂರನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮನೆಮನೆಗೆ ಹೋಗಿ ರಕ್ತ ತೆಗೆದು ನೋಡಿದ ಮೇಲೆ, 2007ರಲ್ಲಿ ಆ ಅಂದಾಜು ಸುಮಾರು 25 ಲಕ್ಷಕ್ಕೆ ಇಳಿಯಿತು. ಅಷ್ಟು ಜನ ಎಲ್ಲೂ ಹೋಗಿರಲಿಲ್ಲ, ಅಳೆಯುವ ಕ್ರಮ ಬದಲಾಗಿತ್ತು. ರಕ್ತದಲ್ಲಿ ಕಾಣುವ ವಸ್ತುವಿನ ಪಾಡೇ ಹೀಗಿದ್ದರೆ, ಜನರ ಮನಸ್ಸಿನಲ್ಲಿ ಕೂತಿರುವುದರ ಪಾಡೇನು?

ಅದೇ ಸಮೀಕ್ಷೆಯಲ್ಲಿ ಕಳಂಕದ ಬಗ್ಗೆಯೂ ನಾಲ್ಕು ಪ್ರಶ್ನೆ ಇದ್ದವು. ನಿಮ್ಮ ನೆಂಟರಲ್ಲಿ ಒಬ್ಬರಿಗೆ ಏಡ್ಸ್ ಬಂದರೆ ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುತ್ತೀರಾ? ಎಚ್‌ಐವಿ ಇರುವ ಅಂಗಡಿಯವರ ಹತ್ತಿರ ತರಕಾರಿ ಕೊಳ್ಳುತ್ತೀರಾ? ಎಚ್‌ಐವಿ ಇದ್ದೂ ಆರೋಗ್ಯವಾಗಿರುವ ಶಿಕ್ಷಕಿ ಪಾಠ ಮುಂದುವರಿಸಬಹುದೇ? ಮನೆಯಲ್ಲಿ ಒಬ್ಬರಿಗೆ ಸೋಂಕು ಬಂದರೆ ಗುಟ್ಟಾಗಿಡಬೇಕು ಎನ್ನುತ್ತೀರಾ? ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಆಫ್ರಿಕಾ, ಏಷ್ಯಾದ ಎಷ್ಟೋ ಬಡ ದೇಶಗಳ ಮನೆಬಾಗಿಲಲ್ಲಿ ಕೇಳಿದ್ದಾರೆ. ತರಕಾರಿ ಪ್ರಶ್ನೆಯಂತೂ ಇಂದಿಗೂ ದೇಶದೇಶಗಳ ಹೋಲಿಕೆಗೆ ಬಳಕೆಯಲ್ಲಿದೆ.

ಇವು ಕೆಲಸಕ್ಕೆ ಬಾರದ ಪ್ರಶ್ನೆಗಳೆಂದು ನಾನು ಹೇಳುವುದಿಲ್ಲ. ಮುಟ್ಟಿದರೆ ಅಂಟುತ್ತದೆ ಎಂಬ ಹೆದರಿಕೆ ವರ್ಷದಿಂದ ವರ್ಷಕ್ಕೆ ಏರಿತೇ ಇಳಿಯಿತೇ ಎಂದು ತಿಳಿಯಲು ತರಕಾರಿ ಪ್ರಶ್ನೆಗಿಂತ ಸುಲಭದ ದಾರಿ ಸಿಗದು. ಆದರೆ ಊರ ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸು ತನಗೆ ಎಚ್‌ಐವಿ ಇದೆ ಎಂದು ಬೋರ್ಡು ಹಾಕಿಕೊಂಡು ಕೂತಿರುವುದಿಲ್ಲ. ಕೊಳ್ಳುವವರು ಎಂದೂ ಎದುರಿಸದ ಸಂದರ್ಭ ಅದು. ಗೋಡೆಬರಹ, ಬೀದಿನಾಟಕ, ರೇಡಿಯೊ ಎಲ್ಲದರಲ್ಲೂ ಸರಿಯುತ್ತರ ಕೇಳಿಸಿಕೊಂಡಿರುವವರು ಸಮೀಕ್ಷೆಯವರ ಮುಂದೆ ‘ಕೊಳ್ತೀನಿ ಸಾರ್, ಅದರಲ್ಲೇನಿದೆ’ ಎನ್ನುತ್ತಾರೆ.

ನಾಲ್ಕನೆಯ ಪ್ರಶ್ನೆ ನನ್ನನ್ನು ಹೆಚ್ಚು ಕಾಡುತ್ತದೆ. ಗುಟ್ಟಾಗಿಡಬೇಕಿಲ್ಲ ಎಂದವರನ್ನು ಅಲ್ಲಿ ಸೋಂಕಿತರನ್ನು ಒಪ್ಪಿಕೊಳ್ಳುವವರ ಲೆಕ್ಕಕ್ಕೆ ಸೇರಿಸುತ್ತಾರೆ. ಗುಟ್ಟಾಗಿಡುತ್ತೇನೆ ಎಂದರೆ ಒಂದು ಅಂಕ ಕಡಿಮೆ. ಮಗಳಿಗೆ ಸೋಂಕು ಬಂದಿದೆ ಎಂದು ತಿಳಿದ ತಾಯಿ, ಊರಿನವರ ಬಾಯಿಗೆ ಅವಳು ಬೀಳದಿರಲಿ ಎಂದು ಸೆರಗಿನಲ್ಲಿ ಮುಚ್ಚಿಟ್ಟುಕೊಳ್ಳುತ್ತಾಳೆ. ಆ ತಾಯಿಯ ಮನಸ್ಸಿನಲ್ಲಿರುವುದು ಕಳಂಕವೋ ಕಕ್ಕುಲಾತಿಯೋ? ಪ್ರಶ್ನೆ ಆ ಎರಡನ್ನೂ ಒಂದೇ ಗೋಣಿಗೆ ತುಂಬುತ್ತದೆ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಈ ಪ್ರಶ್ನೆಗಳು ಹೋಗುವುದು ಸುತ್ತಲಿನ ಜನರ ಬಳಿಗೆ. ಸೋಂಕನ್ನು ಮೈಯಲ್ಲಿ ಹೊತ್ತವರ ಕಡೆಯಿಂದ ನೋಡಿದರೆ ಕಳಂಕ ಹೇಗೆ ಕಾಣುತ್ತದೆ ಎಂಬುದು ಅವಕ್ಕೆ ತಿಳಿಯದು. ಸ್ಟೀವರ್ಡ್ ಅವರ ತಂಡ ಹೋದದ್ದು ಆ ಕಡೆಗೆ.

ಮೂರು ಇದ್ದದ್ದು ನಾಲ್ಕಾಯಿತು

ಅವರು ಹೊರಟಾಗ ಕೈಯಲ್ಲಿದ್ದದ್ದು ಮೂರು ಬಗೆಯ ವಿಂಗಡಣೆ. ಮೈಮೇಲೆ ಬಂದದ್ದು ಒಂದು: ಯಾರೋ ನಿಜವಾಗಿ ಬೈದದ್ದು, ತಳ್ಳಿದ್ದು, ಕೆಲಸದಿಂದ ತೆಗೆದದ್ದು. ಮನಸ್ಸು ಲೆಕ್ಕ ಹಾಕಿದ್ದು ಇನ್ನೊಂದು: ಸುತ್ತಲಿನವರಲ್ಲಿ ಎಷ್ಟು ಜನ ಸೋಂಕಿತರನ್ನು ಕೀಳಾಗಿ ಕಾಣುತ್ತಾರೆ ಎಂದು ಸೋಂಕಿತರೇ ಮಾಡಿಕೊಂಡ ಅಂದಾಜು. ಒಳಗೆ ಇಳಿದದ್ದು ಮೂರನೆಯದು: ಜನ ಹೇಳುವುದು ಸರಿಯೇ, ನಾನು ಅದಕ್ಕೇ ತಕ್ಕವಳು, ತಕ್ಕವನು ಎಂದು ತನ್ನನ್ನು ತಾನೇ ಕೆಳಗಿಟ್ಟುಕೊಳ್ಳುವುದು. ಶಾಸ್ತ್ರದ ಪದಗಳನ್ನು ಬಿಟ್ಟು ಈ ಹೆಸರುಗಳನ್ನು ನಾನೇ ಇಟ್ಟುಕೊಂಡಿದ್ದೇನೆ, ಮುಂದೆಯೂ ಇವನ್ನೇ ಬಳಸುತ್ತೇನೆ.

ಮೊದಲೆರಡರ ನಡುವಿನ ಗೆರೆ ಹಳೆಯದು. 1986ರಲ್ಲಿ ಬ್ರಿಟನ್ನಿನ ಗ್ರಹಾಂ ಸ್ಕ್ಯಾಂಬ್ಲರ್ ಮತ್ತು ಆಂಥೊನಿ ಹಾಪ್ಕಿನ್ಸ್ ಮೂರ್ಛೆರೋಗ ಇರುವವರ ಬಗ್ಗೆ ಬರೆಯುವಾಗ ಇದನ್ನು ಎಳೆದರು. ಅವರು ಕಂಡದ್ದೂ ಇಂಥದ್ದೇ: ಯಾರೂ ಏನೂ ಅನ್ನುವ ಮೊದಲೇ ರೋಗಿಗಳು ಹೆದರಿ ಮುಚ್ಚಿಡುತ್ತಿದ್ದರು. ಮುಚ್ಚಿಟ್ಟ ಕಾರಣ ತಾರತಮ್ಯಕ್ಕೆ ಅವಕಾಶ ಕಡಿಮೆಯಾಗುತ್ತಿತ್ತು. ಆದರೆ ಮುಚ್ಚಿಡುವ ಕಷ್ಟವೇ ತಾರತಮ್ಯಕ್ಕಿಂತ ಹೆಚ್ಚಾಗಿ ಅವರನ್ನು ತಿನ್ನುತ್ತಿತ್ತು. ನಮ್ಮಲ್ಲಿ ಫಿಟ್ಸ್ ಬರುವ ಹುಡುಗಿಯ ಮದುವೆ ಮಾತುಕತೆಯನ್ನು ಹತ್ತಿರದಿಂದ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

16 ಮಂದಿಯ ಮಾತಿನಲ್ಲಿ ಮೂರೂ ಬಗೆ ಸಿಕ್ಕವು. ಆದರೆ ಮೂರಕ್ಕೆ ಹೊಂದದ ಒಂದು ವಿಷಯವೂ ಮೇಲೆ ತೇಲಿತು. ತಮ್ಮ ಮೇಲೆ ಏನೂ ನಡೆಯದವರು ಇಷ್ಟು ಹೆದರಿದ್ದೇಕೆ? ಅವರು ಕಥೆ ಕೇಳಿದ್ದರು. ಬೇರೆ ಸೋಂಕಿತರಿಗೆ ಏನಾಯಿತು ಎಂಬ ಕಥೆ. ಅಂಥ ಕಥೆಗಳೇ ಅವರ ಅಂದಾಜನ್ನು ರೂಪಿಸುತ್ತಿದ್ದವು. ಸಂಶೋಧಕರು ಅದನ್ನು ಬದಿಗೆ ತಳ್ಳದೆ ಚೌಕಟ್ಟಿನಲ್ಲೇ ನಾಲ್ಕನೆಯ ಕಂಬವಾಗಿ ನಿಲ್ಲಿಸಿದರು: ಕಿವಿಗೆ ಬಿದ್ದದ್ದು.

ಇಡೀ ಪ್ರಕರಣದಲ್ಲಿ ನನಗೆ ಬೆಲೆಯುಳ್ಳದ್ದಾಗಿ ಕಾಣುವುದು ಈ ಹೆಜ್ಜೆ. ತಯಾರಾದ ಪ್ರಶ್ನಾವಳಿಯೊಂದನ್ನು ಭಾಷಾಂತರಿಸಿ ನೇರ ಸಮೀಕ್ಷೆಗೆ ಇಳಿದಿದ್ದರೆ ಈ ಕಂಬ ಕಾಣುತ್ತಲೇ ಇರಲಿಲ್ಲ. ಪ್ರಶ್ನೆಯಲ್ಲಿ ಇಲ್ಲದ್ದು ಉತ್ತರದಲ್ಲಿ ಬರುವುದಿಲ್ಲ. ಮೊದಲು ಮಾತಾಡಿಸಿ, ಆಮೇಲೆ ಅಳತೆಗೋಲು ಮಾಡಿದ್ದರಿಂದ ನಮ್ಮ ಊರುಗಳಲ್ಲಿ ಸುದ್ದಿ ಹರಿಯುವ ಬಗೆಯೇ ಒಂದು ಅಳತೆಯಾಗಿ ಬಂತು.

ಒಬ್ಬ ಹೆಂಗಸನ್ನು ಊಹಿಸಿಕೊಳ್ಳಿ, ಆ ಅಧ್ಯಯನದವಳಲ್ಲ, ನಮ್ಮ ಯಾವುದೋ ತಾಲ್ಲೂಕಿನವಳು. ಬಸುರಿಯಾಗಿದ್ದಾಗಿನ ರಕ್ತಪರೀಕ್ಷೆಯಲ್ಲಿ ಪಾಸಿಟಿವ್ ಎಂದು ತಿಳಿಯಿತು. ಗಂಡನಿಗೂ ಇತ್ತು. ಪಕ್ಕದ ಹಳ್ಳಿಯಲ್ಲಿ ‘ಆ ಕಾಯಿಲೆ’ಯಿಂದ ಸತ್ತವನ ಹೆಣಕ್ಕೆ ಹೆಗಲು ಕೊಡಲು ಯಾರೂ ಬರಲಿಲ್ಲವಂತೆ ಎಂದು ಬಾವಿಕಟ್ಟೆಯಲ್ಲಿ ಕೇಳಿದ್ದಾಳೆ. ಅವನ ಮಕ್ಕಳನ್ನು ಶಾಲೆಯಲ್ಲಿ ಬೇರೆ ಕೂರಿಸಿದರಂತೆ ಎಂದೂ ಕೇಳಿದ್ದಾಳೆ. ಎಚ್‌ಐವಿಯನ್ನು ಹಿಡಿತದಲ್ಲಿಡುವ ಎಆರ್‌ಟಿ ಮಾತ್ರೆಯ ಡಬ್ಬಿಯ ಚೀಟಿ ಕಿತ್ತು, ಮಾತ್ರೆಗಳನ್ನು ಬೇರೆ ಡಬ್ಬಕ್ಕೆ ಸುರಿದು, ಬಿಪಿ ಮಾತ್ರೆ ಎಂದು ಅತ್ತೆಗೆ ಹೇಳಿದ್ದಾಳೆ. ಸಮೀಕ್ಷೆಯವರು ಬಂದು ‘ಅಕ್ಕಾ, ನಿಮ್ಮನ್ನ ಯಾರಾದರೂ ದೂರ ಇಟ್ಟಿದ್ದಾರಾ?’ ಎಂದು ಕೇಳುತ್ತಾರೆ.

‘ಇಲ್ಲ ಮೇಡಂ. ಯಾರಿಗೂ ಗೊತ್ತೇ ಇಲ್ವಲ್ಲ.’

ಮೈಮೇಲೆ ಬಂದದ್ದರ ಕಲಮಿನಲ್ಲಿ ಸೊನ್ನೆ. ಅವಳ ಬದುಕಿನ ಸುತ್ತ ಇರುವ ಬೇಲಿಯೆಲ್ಲ ಕಿವಿಗೆ ಬಿದ್ದ ಆ ಎರಡು ಕಥೆಗಳಿಂದ ಕಟ್ಟಿದ್ದು. ಕಥೆ ನಿಜವೋ, ಬಾಯಿಂದ ಬಾಯಿಗೆ ಬೆಳೆದದ್ದೋ, ಅವಳ ಪಾಲಿಗೆ ವ್ಯತ್ಯಾಸವಿಲ್ಲ. ಹತ್ತು ವರ್ಷ ಹಿಂದೆ ನಡೆದು ಮುಗಿದದ್ದಾದರೂ ವ್ಯತ್ಯಾಸವಿಲ್ಲ.

229 ಮಂದಿಯ ಲೆಕ್ಕ

ಎರಡನೆಯ ಹಂತದಲ್ಲಿ ನಾಲ್ಕೂ ಬಗೆಗೆ ಹೊಸದಾಗಿ ಪ್ರಶ್ನೆಗಳನ್ನು ಕಟ್ಟಿ 229 ಸೋಂಕಿತರಿಗೆ ಕೇಳಿದರು. ಜೊತೆಗೆ ಖಿನ್ನತೆಯ ಲಕ್ಷಣಗಳನ್ನೂ, ಸೋಂಕಿನ ವಿಷಯ ಹೊರಬೀಳದಂತೆ ಏನೇನು ಉಪಾಯ ಮಾಡುತ್ತಾರೆ ಎಂಬುದನ್ನೂ ಅಳೆದರು.

ಸಿಕ್ಕ ನಕ್ಷೆ ಹೀಗಿತ್ತು. ಮೈಮೇಲೆ ಬಂದದ್ದು, ಕಿವಿಗೆ ಬಿದ್ದದ್ದು ಎರಡೂ ಸೇರಿ ಮನಸ್ಸಿನ ಲೆಕ್ಕವನ್ನು ಏರಿಸುತ್ತಿದ್ದವು. ಹೆಚ್ಚು ಕಥೆ ಕೇಳಿದವರ ಕಣ್ಣಿಗೆ ಊರು ಹೆಚ್ಚು ಕ್ರೂರವಾಗಿ ಕಾಣುತ್ತಿತ್ತು. ಮೈಮೇಲೆ ಬಂದದ್ದು, ಮನಸ್ಸು ಲೆಕ್ಕ ಹಾಕಿದ್ದು, ಒಳಗೆ ಇಳಿದದ್ದು, ಈ ಮೂರೂ ಹೆಚ್ಚಾದಲ್ಲಿ ಖಿನ್ನತೆಯ ಲಕ್ಷಣಗಳೂ ಹೆಚ್ಚು.

ಇದರ ಒಳಗೆ ಇನ್ನೊಂದು ಎಳೆ ಇದೆ, ನಿಧಾನವಾಗಿ ನೋಡಬೇಕಾದ್ದು. ಮೊದಲೆರಡು ಬಗೆಯ ಕಳಂಕಕ್ಕೂ ಖಿನ್ನತೆಗೂ ನಡುವೆ ಕೊಂಡಿಯಾಗಿ ನಿಂತದ್ದು ಮುಚ್ಚಿಡುವ ಉಪಾಯಗಳು. ಬೈಸಿಕೊಂಡ ನೋವು, ಬೈಯುತ್ತಾರೆಂಬ ಭಯ, ಎರಡೂ ಮನುಷ್ಯರನ್ನು ಅಡಗಿಕೊಳ್ಳುವಂತೆ ಮಾಡುತ್ತವೆ. ದಿನವೂ ಅಡಗಿಕೊಂಡು ಬದುಕುವ ದಣಿವು ಖಿನ್ನತೆಯ ಜೊತೆ ಸಾಗುತ್ತದೆ. ಯಾವ ನೆಂಟರಿಗೆ ಯಾವ ಸುಳ್ಳು ಹೇಳಿದ್ದೆ ಎಂದು ನೆನಪಿಡಬೇಕು, ಆಸ್ಪತ್ರೆಯ ಸಾಲಿನಲ್ಲಿ ಪರಿಚಯದ ಮುಖ ಕಂಡರೆ ಬೆನ್ನು ತಿರುಗಿಸಬೇಕು. ರಕ್ಷಣೆಗೆಂದು ಕಟ್ಟಿಕೊಂಡ ಗೋಡೆಯೊಳಗೆ ಗಾಳಿ ಇಲ್ಲ. ಒಳಗೆ ಇಳಿದ ಕಳಂಕಕ್ಕೆ ಈ ಕೊಂಡಿ ಸಿಗಲಿಲ್ಲ. ತನ್ನನ್ನು ತಾನೇ ಹೀಗಳೆದುಕೊಳ್ಳುವವರಿಗೆ ಹೊರಗಿನವರಿಂದ ಅಡಗಿಕೊಂಡೂ ಪ್ರಯೋಜನವಿಲ್ಲ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ಒಂದೇ ಸಲ ಕೇಳಿದ ಸಮೀಕ್ಷೆ ಇದು ಎಂಬ ಎಚ್ಚರ ಬೇಕು. ಕಳಂಕದಿಂದ ಖಿನ್ನತೆ ಬಂತೋ, ಖಿನ್ನತೆಯ ಕಣ್ಣಿಗೆ ಊರೆಲ್ಲ ಹಗೆಯಾಗಿ ಕಂಡಿತೋ ಎಂಬುದನ್ನು ಒಂದು ಸಲದ ಉತ್ತರಗಳಿಂದ ತೀರ್ಮಾನಿಸಲಾಗದು. ಬಹುಶಃ ಎರಡೂ ಒಂದನ್ನೊಂದು ಸುತ್ತಿಕೊಂಡಿರುತ್ತವೆ.

ಅದೇ ನಾಲ್ಕು ಬಗೆಯನ್ನು ಹಿಡಿದು ಮುಂದೆ ಮುಂಬೈ ಮತ್ತು ಬೆಂಗಳೂರಿನಲ್ಲಿ 961 ಸೋಂಕಿತ ಗಂಡಸರು, ಹೆಂಗಸರ ನಡುವೆ ಇನ್ನೊಂದು ಸಮೀಕ್ಷೆ ನಡೆಯಿತು, 2013ರಲ್ಲಿ ಪ್ರಕಟವಾಯಿತು. ಈ ಸಲ ಪ್ರಶ್ನೆ ಇನ್ನಷ್ಟು ಚೂಪು: ಪಾಸಿಟಿವ್ ಎಂದು ತಿಳಿದ ಮೇಲೆ ಚಿಕಿತ್ಸೆಗೆ ಹೋಗಲು ತಡಮಾಡಿದವರು ಯಾಕೆ ತಡಮಾಡಿದರು? ನಾಲ್ಕರಲ್ಲಿ ಎರಡು ಬಗೆ ತಡದ ಜೊತೆ ತಳುಕು ಹಾಕಿಕೊಂಡಿದ್ದವು, ಮೈಮೇಲೆ ಬಂದದ್ದು ಮತ್ತು ಒಳಗೆ ಇಳಿದದ್ದು. ಆ ಎರಡಕ್ಕೂ ತಡಕ್ಕೂ ನಡುವೆ ಖಿನ್ನತೆ ಕೊಂಡಿಯಾಗಿತ್ತು. ಒಳಗೆ ಇಳಿದದ್ದರ ವಿಷಯದಲ್ಲಿ ಮುಚ್ಚಿಡುವ ಯತ್ನವೂ ಇನ್ನೊಂದು ಕೊಂಡಿ.

ಹಾಗಾದರೆ ಕಿವಿಗೆ ಬಿದ್ದದ್ದಕ್ಕೆ ಬೆಲೆ ಇಲ್ಲವೇ ಎಂದು ಕೇಳಬಹುದು. ನನ್ನ ಮಟ್ಟಿಗೆ ಈ ಎರಡನೆಯ ಫಲಿತಾಂಶ ಅಳತೆಗೋಲಿನ ಸೋಲಲ್ಲ, ಅದು ಕೆಲಸ ಮಾಡುತ್ತಿದೆ ಎಂಬ ಗುರುತು. ನಾಲ್ಕನ್ನೂ ಕಲಸಿ ಒಂದೇ ಅಂಕಿ ಮಾಡಿದ್ದರೆ ‘ಕಳಂಕದಿಂದ ಚಿಕಿತ್ಸೆ ತಡವಾಗುತ್ತದೆ’ ಎಂಬ ಎಲ್ಲರಿಗೂ ಗೊತ್ತಿರುವ ಮಾತಷ್ಟೇ ಉಳಿಯುತ್ತಿತ್ತು. ಬಿಡಿಸಿಟ್ಟದ್ದರಿಂದ ಆಪ್ತಸಮಾಲೋಚಕರಿಗೆ ಒಂದು ದಾರಿ ಕಾಣುತ್ತದೆ. ಇನ್ನೂ ಚಿಕಿತ್ಸೆಗೆ ಬಾರದೆ ದಿನ ದೂಡುತ್ತಿರುವವರ ಹತ್ತಿರ ಊರಿನ ಮಾತಿಗಿಂತ ಮೊದಲು ಅವರ ಸ್ವಂತ ಮನಸ್ಸಿನ ತೀರ್ಪಿನ ಬಗ್ಗೆ, ನಿದ್ದೆ ಊಟದ ಬಗ್ಗೆ, ಬದುಕು ಸಾಕೆನಿಸಿದೆಯೇ ಎಂಬುದರ ಬಗ್ಗೆ ಕೇಳಬೇಕು.

ಪ್ರಶ್ನೆಯ ಕನ್ನಡ

ಇನ್ನು ಹೇಳುವುದು ಆ ಅಧ್ಯಯನಗಳ ಪ್ರಶ್ನಾವಳಿಯ ಮೇಲಿನ ಟೀಕೆಯಲ್ಲ. ಇಂಥ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಹೊರಟ ಯಾರಿಗಾದರೂ ಎದುರಾಗುವ ತೊಡಕು.

‘ಕಳಂಕ’ ಎಂಬುದು ಪೋಸ್ಟರಿನ ಪದ. ಬಾಯಿಮಾತಿನಲ್ಲಿ ಅದು ಚಂದ್ರನಿಗೋ ಮನೆತನದ ಹೆಸರಿಗೋ ಅಂಟಿಕೊಂಡೀತು, ತಾನು ದಿನವೂ ಪಡುವ ಪಾಡಿಗೆ ಯಾರೂ ಆ ಪದ ಬಳಸುವುದಿಲ್ಲ. ಜನ ಆಡ್ಕೋತಾರೆ, ಮರ್ಯಾದೆ ಹೋಗುತ್ತೆ, ದೂರ ಇಡ್ತಾರೆ, ತಲೆ ಎತ್ತಿ ಓಡಾಡೋಕಾಗಲ್ಲ ಎನ್ನುತ್ತಾರೆ. ಧಾರವಾಡದ ಕಡೆಗೆ ಹೋದರೆ ‘ಮಂದಿ ಏನಂದಾರು’ ಎಂಬ ಎರಡು ಪದದಲ್ಲಿ ಎಲ್ಲವೂ ಬಂತು.

‘ನಿಮ್ಮ ಸಮುದಾಯದಲ್ಲಿ ಎಷ್ಟು ಜನ ಹೀಗೆ ಯೋಚಿಸುತ್ತಾರೆ?’ ಎಂದು ಕೇಳಿ ನೋಡಿ. ಸಮುದಾಯ ಎಂದಕೂಡಲೇ ಬಹಳ ಮಂದಿಗೆ ಕೇಳಿಸುವುದು ಜಾತಿ. ‘ಸಮಾಜ’ ಎಂದರೂ ಅದೇ ಪಾಡು, ನಮ್ಮ ಸಮಾಜದವರು ಎಂಬ ಮಾತಿನ ಅರ್ಥ ಏನೆಂದು ಎಲ್ಲರಿಗೂ ಗೊತ್ತು. ಕೇಳಿದವರು ನೆರೆಹೊರೆಯ ಬಗ್ಗೆ ಕೇಳಿದ್ದೇವೆ ಎಂದುಕೊಳ್ಳುತ್ತಾರೆ, ಹೇಳಿದವರು ಕುಲದವರ ಬಗ್ಗೆ ಹೇಳಿರುತ್ತಾರೆ. ತನ್ನ ಜಾತಿಯವರನ್ನು ಅಪರಿಚಿತರ ಮುಂದೆ ಕೆಟ್ಟವರೆಂದು ಹೇಳಲು ಬಾಯಿ ಬಾರದೆ ಅಂಕ ಕಡಿಮೆಯಾದರೂ ಆದೀತು. ನಿಮ್ಮ ಬೀದಿಯಲ್ಲಿ, ನಿಮ್ಮ ಓಣಿಯಲ್ಲಿ, ನೀವು ಕೆಲಸ ಮಾಡೋ ಕಡೆ ಎಂದು ಕೇಳಿದರೆ ಉತ್ತರ ನೆಲಕ್ಕಿಳಿಯುತ್ತದೆ.

ಒಳಗೆ ಇಳಿದದ್ದನ್ನು ಕೇಳುವುದು ಇನ್ನೂ ಸೂಕ್ಷ್ಮ. ‘ನಿಮಗೆ ತಪ್ಪಿತಸ್ಥ ಭಾವನೆ ಇದೆಯೇ?’ ಎಂದರೆ ಗಂಡನಿಂದ ಸೋಂಕು ತಗುಲಿದ ಹೆಂಗಸು ಇಲ್ಲ ಎನ್ನುತ್ತಾಳೆ, ನಾನೇನು ತಪ್ಪು ಮಾಡಿದ್ದೆ ಎಂದು ಅವಳೇ ತಿರುಗಿ ಕೇಳಿಯಾಳು. ಅದೇ ಬಾಯಲ್ಲಿ ‘ಹಣೇಲಿ ಬರೆದಿತ್ತು, ಅನುಭವಿಸ್ತಿದೀನಿ’ ಎನ್ನುತ್ತಾಳೆ. ಇದನ್ನು ಯಾವ ಕಲಮಿಗೆ ಹಾಕುವುದು? ಹಣೆಬರಹ ಎನ್ನುವುದು ತನ್ನನ್ನು ಕೀಳಾಗಿಸಿಕೊಂಡ ಮಾತೂ ಆಗಬಹುದು, ತಪ್ಪನ್ನು ತನ್ನ ಮೇಲಿಂದ ಕೆಳಗಿಳಿಸಿ ಉಸಿರಾಡುವ ದಾರಿಯೂ ಆಗಬಹುದು. ಭಾವನೆಯ ಹೆಸರು ಹೇಳಿ ಕೇಳುವುದಕ್ಕಿಂತ ನಡೆಯ ಬಗ್ಗೆ ಕೇಳುವುದು ವಾಸಿ ಎಂಬುದು ನನ್ನ ನಂಬಿಕೆ. ಮಗುವನ್ನು ಎತ್ತಿಕೊಳ್ಳಲು ಹಿಂಜರಿದಿರಾ? ಮನೆಯವರಿಗೆ ಅಡುಗೆ ಮಾಡುವಾಗ, ಬಡಿಸುವಾಗ ಕೈ ತಡೆಯಿತೇ? ಯಾರೂ ಕೂರಬೇಡ ಎನ್ನದಿದ್ದರೂ ಮದುವೆ ಮನೆಯಲ್ಲಿ ಹಿಂದೆ ಹೋಗಿ ಕೂತಿರಾ?

ಉತ್ತರದ ಮೆಟ್ಟಿಲುಗಳೂ ತೊಡಕಿನವೇ. ‘ಸಂಪೂರ್ಣ ಒಪ್ಪುತ್ತೇನೆ’, ‘ಭಾಗಶಃ ಒಪ್ಪುತ್ತೇನೆ’ ಎಂಬವು ಯಾರೂ ಮಾತಾಡದ ಕನ್ನಡ. ಯಾರೂ ಇಲ್ಲ, ಒಬ್ಬಿಬ್ಬರು, ಬಹಳ ಜನ, ಹೆಚ್ಚುಕಡಿಮೆ ಎಲ್ಲರೂ ಎಂದರೆ ಓದು ಬಾರದವರೂ ಬೆರಳು ಮಡಚಿ ಹೇಳುತ್ತಾರೆ.

ಬಿಳಿ ಕೋಟಿನ ಕಡೆ

ಕಿವಿಗೆ ಬೀಳುವ ಕಥೆಗಳಲ್ಲಿ ಆಸ್ಪತ್ರೆಯ ಕಥೆಗಳು ಬಹಳ. ಅವು ಬರೀ ಕಥೆಯೇ? ಎಕ್‌ಸ್ಟ್ರಾಂಡ್, ಜಯಶ್ರೀ ರಾಮಕೃಷ್ಣ, ಶಾಲಿನಿ ಭರತ್, ಎಲ್ಸಾ ಹೇಲೆನ್ ಮುಂಬೈ ಮತ್ತು ಬೆಂಗಳೂರಿನ ಸರ್ಕಾರಿ ಹಾಗೂ ಸರ್ಕಾರೇತರ ಆಸ್ಪತ್ರೆಗಳಲ್ಲಿ 305 ವೈದ್ಯರು, 369 ನರ್ಸುಗಳು, 346 ವಾರ್ಡ್ ಸಿಬ್ಬಂದಿಯನ್ನು ತಲಾ ಸುಮಾರು ಒಂದು ಗಂಟೆ ಮಾತಾಡಿಸಿದರು. ಇದೂ 2013ರಲ್ಲಿ ಪ್ರಕಟವಾಯಿತು.

ರಕ್ತ, ದೇಹದ್ರವ ತಾಗುವ ಸಾಧ್ಯತೆ ಹೆಚ್ಚಿರುವ ಕೆಲಸದಲ್ಲಿ ಸೋಂಕಿತರೊಂದಿಗೆ ಬೇರೆ ರೀತಿ ನಡೆದುಕೊಳ್ಳುತ್ತೇವೆ ಎಂದವರು ವೈದ್ಯರಲ್ಲಿ 89%, ನರ್ಸುಗಳಲ್ಲಿ 88%, ವಾರ್ಡ್ ಸಿಬ್ಬಂದಿಯಲ್ಲಿ 73%. ಅಂಥ ಅಪಾಯ ಕಡಿಮೆ ಇರುವ ಕೆಲಸದಲ್ಲೂ ಹಾಗೇ ಮಾಡುತ್ತೇವೆ ಎಂದವರು ವೈದ್ಯರಲ್ಲಿ 57%, ನರ್ಸುಗಳಲ್ಲಿ 40%, ವಾರ್ಡ್ ಸಿಬ್ಬಂದಿಯಲ್ಲಿ 71%. ಲೈಂಗಿಕ ಸಂಪರ್ಕದಿಂದಲೋ ಮಾದಕ ವಸ್ತುವಿನಿಂದಲೋ ಸೋಂಕು ಬಂದವರಿಗೆ ತಕ್ಕ ಶಾಸ್ತಿಯಾಯಿತು ಎಂದವರು ಗುಂಪಿನಿಂದ ಗುಂಪಿಗೆ 50%ರಿಂದ 83%. ಸೋಂಕಿತ ಹೆಂಗಸರು ಮಕ್ಕಳನ್ನು ಹೆರದಂತೆ ತಡೆಯಬೇಕು ಎಂದವರು 55%ರಿಂದ 80%.

ಕಡಿಮೆ ಅಪಾಯದ ಕೆಲಸದ ಸಾಲನ್ನು ಇನ್ನೊಮ್ಮೆ ನೋಡಿ. ನರ್ಸುಗಳಿಗಿಂತ ವೈದ್ಯರ ಅಂಕಿ ಮೇಲಿದೆ. ಓದು ಹೆಚ್ಚಿದ್ದಲ್ಲಿ ಕಳಂಕ ಕಡಿಮೆ ಎಂಬ ನಮ್ಮ ನಂಬಿಕೆಗೆ ಇದು ಹೊಂದುವುದಿಲ್ಲ. ಸೋಂಕಿತರ ಒಡನಾಟ ಕಡಿಮೆ ಇದ್ದಷ್ಟೂ, ಹರಡುವ ಬಗೆಯ ಬಗ್ಗೆ ತಪ್ಪು ತಿಳಿವಳಿಕೆ, ದೂಷಿಸುವ ಮನಸ್ಸು ಹೆಚ್ಚಿದ್ದಷ್ಟೂ ತಾರತಮ್ಯದ ಒಲವು ಹೆಚ್ಚು ಎಂಬುದು ಅಧ್ಯಯನದಲ್ಲಿ ಕಂಡದ್ದು. ಅಂಟೀತೆಂಬ ಹೆದರಿಕೆ ಬೇರೆ, ನೀತಿಗೆಟ್ಟವರು ಎಂಬ ತೀರ್ಪು ಬೇರೆ. ಮೊದಲನೆಯದು ಪಾಠದಿಂದ ಇಳಿದೀತು. ಎರಡನೆಯದು ಅಷ್ಟು ಸುಲಭಕ್ಕೆ ಇಳಿಯದು. ಒಂದೇ ಪ್ರಶ್ನೆಯಲ್ಲಿ ಎರಡನ್ನೂ ಅಳೆಯಹೋದವರಿಗೆ ತರಬೇತಿ ಕೊಟ್ಟರೂ ಅಂಕಿ ಯಾಕೆ ಇಳಿಯಲಿಲ್ಲ ಎಂಬುದು ತಿಳಿಯುವುದಿಲ್ಲ.

ಇವರು ಹೇಳಿದ್ದು ಹೀಗೆ ಮಾಡುತ್ತೇವೆ ಎಂದು. ಮಾಡಿದ್ದನ್ನು ಯಾರೂ ನಿಂತು ನೋಡಿಲ್ಲ. ಆದರೂ ಎದುರಿಗೆ ಕೂತ ಸಂದರ್ಶಕರಿಗೆ ಇಷ್ಟು ಜನ ಇಷ್ಟು ನೇರವಾಗಿ ಹೇಳಿದರು ಎಂದರೆ, ಅದನ್ನು ಹೇಳುವುದರಲ್ಲಿ ಅವರಿಗೆ ಸಂಕೋಚವಿರಲಿಲ್ಲ ಎಂದಾಯಿತು. ಬಾವಿಕಟ್ಟೆಯ ಕಥೆ ಕೇಳಿ ಹೆದರಿದವಳ ಲೆಕ್ಕಾಚಾರ ತೀರಾ ತಪ್ಪಿರಲಿಲ್ಲ.

ಅಳತೆಗೋಲಿಗೆ ಎಟುಕದ್ದು

ತೀರಾ ಹೆದರಿದವರು ಯಾವ ಸಮೀಕ್ಷೆಗೂ ಸಿಗುವುದಿಲ್ಲ. ಅವರು ಪರೀಕ್ಷೆಗೇ ಹೋಗಿರುವುದಿಲ್ಲ, ಹೋದರೂ ವರದಿ ತರಲು ಹೋಗಿರುವುದಿಲ್ಲ. 16 ಆಗಲಿ, 229 ಆಗಲಿ, 961 ಆಗಲಿ, ಎಷ್ಟೋ ಹೊಸ್ತಿಲು ದಾಟಿ ಬಂದವರ ಮಾತು ಅದು.

2021ರಲ್ಲಿ ವಿಶ್ವಸಂಸ್ಥೆಯ ಸದಸ್ಯ ದೇಶಗಳು ಒಪ್ಪಿಕೊಂಡ ಗುರಿಗಳಲ್ಲಿ ಒಂದು, 2025ರೊಳಗೆ ಕಳಂಕ, ತಾರತಮ್ಯ ಅನುಭವಿಸುವವರ ಪ್ರಮಾಣ 10%ಕ್ಕಿಂತ ಕೆಳಗಿಳಿಯಬೇಕು ಎಂಬುದು. ಗುರಿ ಒಳ್ಳೆಯದೇ. ಆದರೆ ‘ನಿಮಗೆ ಹೀಗಾಯಿತೇ’ ಎಂಬ ಪ್ರಶ್ನೆಯ ಮೇಲೆ ಮಾತ್ರ ಅದನ್ನು ನಿಲ್ಲಿಸಿದರೆ ಎರಡು ಬಗೆಯ ಊರುಗಳು ಪಾಸಾಗುತ್ತವೆ. ಒಂದು, ಹೇಳಿಕೊಂಡರೂ ಯಾರೂ ಏನೂ ಅನ್ನದ ಊರು. ಇನ್ನೊಂದು, ಒಬ್ಬರೂ ಹೇಳಿಕೊಳ್ಳದ ಊರು. ಎರಡನ್ನೂ ಬೇರ್ಪಡಿಸಬೇಕಾದರೆ ‘ನಿಮಗೆ ಹೀಗಾಯಿತೇ’ ಎಂಬುದರ ಪಕ್ಕದಲ್ಲಿ ಎಷ್ಟು ಜನರಿಗೆ ಹೇಳಿದ್ದೀರಿ, ಏನು ಕೇಳಿದ್ದೀರಿ ಎಂಬವೂ ಇರಲೇಬೇಕು.

ದೂರಿನ ಲೆಕ್ಕವೂ ಹಾಗೆಯೇ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಕೆಲಸದಲ್ಲಿ, ಶಾಲೆಯಲ್ಲಿ, ಚಿಕಿತ್ಸೆಯಲ್ಲಿ, ಬಾಡಿಗೆ ಮನೆಯಲ್ಲಿ ತಾರತಮ್ಯವನ್ನು ನಿಷೇಧಿಸುತ್ತದೆ. ರಾಜ್ಯಗಳಲ್ಲಿ ದೂರು ವಿಚಾರಿಸುವ ಓಂಬುಡ್ಸ್‌ಮನ್ ಇರಬೇಕು, 100 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳಲ್ಲಿ, 20 ಮಂದಿಯಿದ್ದರೂ ಸಾಕು ಆಸ್ಪತ್ರೆಗಳಲ್ಲಿ, ದೂರು ಕೇಳುವ ಅಧಿಕಾರಿ ಇರಬೇಕು ಎನ್ನುತ್ತದೆ. ಇಂಥ ಕಾನೂನು ಬರಲೇಬೇಕಿತ್ತು, ಗುಟ್ಟು ಕಾಪಾಡುವ ಕಟ್ಟುಪಾಡೂ ಅದರಲ್ಲಿದೆ. ಆದರೂ ದೂರು ಕೊಡುವವರು ಮೊದಲು ಒಬ್ಬರ ಮುಂದೆ ಬಾಯಿಬಿಡಬೇಕು. ದೂರು ಬಂದಿಲ್ಲ ಎಂಬುದನ್ನು ತಾರತಮ್ಯ ಇಲ್ಲ ಎಂದು ಓದುವ ಅಧಿಕಾರಿಗೆ ಆ 16 ಮಂದಿಯ ಮಾತನ್ನು ಯಾರಾದರೂ ತೋರಿಸಬೇಕು.

ನನ್ನ ಕೈಗೆ ಇಂಥ ಪ್ರಶ್ನಾವಳಿ ಬಂದರೆ ನಾಲ್ಕು ಬಗೆಯನ್ನೂ ಉಳಿಸಿಕೊಂಡು, ಕಿವಿಗೆ ಬಿದ್ದದ್ದನ್ನು ಮೊದಲು ಕೇಳುತ್ತೇನೆ. ಬೇರೆಯವರ ಕಥೆ ಹೇಳುತ್ತ ಹೇಳುತ್ತ ನಾಲಿಗೆ ಸಡಿಲವಾಗುತ್ತದೆ, ಕೆಲವರು ತಮ್ಮದನ್ನೇ ಬೇರೆಯವರದೆಂದು ಹೇಳಿ ಹಗುರಾಗುತ್ತಾರೆ. ಕೊನೆಯಲ್ಲಿ ಭಾವನೆಯ ಮಾತೇ ಇಲ್ಲದ ಒಂದು ಪ್ರಶ್ನೆ ಸೇರಿಸುತ್ತೇನೆ. ಮನೆಗೆ ಹತ್ತಿರದ ಎಆರ್‌ಟಿ ಕೇಂದ್ರವನ್ನು ಬಿಟ್ಟು ಯಾರೂ ಗುರುತು ಹಿಡಿಯದ ಇನ್ನೊಂದು ಜಿಲ್ಲೆಯ ಕೇಂದ್ರಕ್ಕೆ ಹೋಗುವವರ ದಾರಿ ಒಂದು ಅಳತೆ. ಮೊದಲಾಗಿದ್ದರೆ ಬಸ್ ಚಾರ್ಜು ಕೇಳಿದ್ದರೆ ಸಾಕಿತ್ತು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಕರ್ನಾಟಕದ ಹೆಂಗಸರ ಟಿಕೆಟ್ಟಿನಲ್ಲಿ ಆ ಲೆಕ್ಕ ಸಿಗದು. ಹಾಗಾಗಿ ಹೀಗೆ ಕೇಳುತ್ತೇನೆ: ‘ಅಕ್ಕಾ, ಇವತ್ತು ಮನೆ ಬಿಟ್ಟಾಗ ಗಂಟೆ ಎಷ್ಟಾಗಿತ್ತು? ಎಲ್ಲಿಗೆ ಹೋಗ್ತೀನಿ ಅಂತ ಹೇಳಿ ಬಂದ್ರಿ?’